ಒಗ್ಗರಣೆ ಡಬ್ಬಿಯ ತೋಟ

ನನಗೊಂದು ಚಟವಿದೆ. ಒಗ್ಗರಣೆಗೆಂದು ಡಬ್ಬಿಯ ಮುಚ್ಚಳ ತೆಗೆದರೆ, ಸಾಸಿವೆ ಎಣ್ಣೆಗೆ ಬೀಳುವ ಮೊದಲು ನಾಲ್ಕು ಕಾಳು ಕಿಟಕಿಯಲ್ಲಿಟ್ಟ ಮಣ್ಣಿನ ಡಬ್ಬಕ್ಕೆ ಬೀಳಬೇಕು. ಎಣ್ಣೆ ಕಾದು ಹೊಗೆಯಾಡಲಿ, ಮನೆಯವರು ಕೆಮ್ಮಲಿ, ಅದೊಂದು ಆಗಲೇಬೇಕು. ನಮ್ಮ ಮನೆಯ ಸಾರಿನಲ್ಲಿ ಸೀದ ವಾಸನೆ ಬಂದ ದಿನ ಕಿಟಕಿಯಲ್ಲಿ ಏನೋ ಹೊಸದು ಮೊಳೆತಿದೆ ಎಂದೇ ಅರ್ಥ. ಮೊನ್ನೆ ಹೀಗೆ ಬಗ್ಗಿ ನೋಡುತ್ತಿದ್ದಾಗ ಅಜವಾನದ ಕಾಳೊಂದು ಕೂದಲೆಳೆಯಷ್ಟು ಸಣ್ಣ ಎಲೆ ಬಿಟ್ಟಿತ್ತು. "ಬರ್ರಿ ಇಲ್ಲೆ, ಲಗೂ ಬರ್ರಿ!" ಎಂದು ಕೂಗಿಯೇಬಿಟ್ಟೆ. ನಮ್ಮವರು ಬರಲಿಲ್ಲ. ಇಪ್ಪತ್ತು ವರ್ಷದಿಂದ ಇಂಥ ಕೂಗು ಕೇಳಿ ಕೇಳಿ ಅವರಿಗೆ ಸಾಕಾಗಿದೆ. ನನಗೆ ಮಾತ್ರ ಇನ್ನೂ ಸಾಕಾಗಿಲ್ಲ.

ಈ ಚಟದ ಮೂಲ ಹುಡುಕಿದರೆ ತವರಿಗೇ ಹೋಗಬೇಕು. ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಬ್ಯಾಡಗಿಯ ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲು ಸೀನುವುದು ಬರುತ್ತದೆ. ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಅವ್ವ, ಅಕ್ಕಪಕ್ಕದ ಹೆಂಗಸರು ಎಲ್ಲ ಸಾಲಾಗಿ ಕುಳಿತು ತೊಟ್ಟು ಮುರಿಯುತ್ತಿದ್ದರು. ಒಡೆದ ಕಾಯಿಗಳಿಂದ ಉದುರಿದ ಬೀಜ ಅವರ ಸೀರೆಯ ನಿರಿಗೆಯಲ್ಲಿ, ನಮ್ಮ ಪಾಟೀಚೀಲದಲ್ಲಿ, ಕಂಪಾಸ್ ಪೆಟ್ಟಿಗೆಯಲ್ಲಿ, ಎಲ್ಲೆಂದರಲ್ಲಿ. ಸಂಜೆ ಅವ್ವ ಕಸಗುಡಿಸಿ ಬೀಜವನ್ನೆಲ್ಲ ಗಟಾರದ ದಂಡೆಗೆ ಸುರಿಯುತ್ತಿದ್ದಳು. ಮುಂಗಾರಿನ ಮೊದಲ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ನೋಡಿದರೆ ಗಟಾರದ ಉದ್ದಕ್ಕೂ ಮೆಣಸಿನ ಸಸಿ! ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಬೀಜ ಅಂದಮೇಲೆ ಅದು ಹುಟ್ಟುತ್ತದೆ, ಅದರಲ್ಲಿ ಮನುಷ್ಯರ ಕೆಲಸ ಏನೂ ಇಲ್ಲ ಎಂದು ನಾನು ಚಿಕ್ಕವಳಿದ್ದಾಗಲೇ ತೀರ್ಮಾನಿಸಿಬಿಟ್ಟಿದ್ದೆ.

ಆ ತೀರ್ಮಾನ ಹೊತ್ತುಕೊಂಡು ರಾಣೆಬೆನ್ನೂರಿಗೆ ಸೊಸೆಯಾಗಿ ಬಂದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ರಾಣೆಬೆನ್ನೂರಿನಲ್ಲಿ ಬೀಜ ಎಂದರೆ ತಮಾಷೆಯ ಮಾತಲ್ಲ. ಬೀಜದ ಅಂಗಡಿಗಳೇ ಸಾಲಾಗಿವೆ. ಒಳಗೆ ಕೆಂಪು ಟೊಮ್ಯಾಟೊ ಚಿತ್ರದ ಥಳಥಳ ಪೊಟ್ಟಣಗಳು. ಸುತ್ತಲಿನ ಹಳ್ಳಿಗಳಲ್ಲಿ ಬಲೆಯ ಮನೆ ಕಟ್ಟಿ, ಹೆಂಗಸರು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಬೀಜ ಮಾಡುತ್ತಾರೆ. ಕುಪ್ಪೇಲೂರಿನ ನಮ್ಮ ನಾದಿನಿ ಆ ಕೆಲಸದಲ್ಲಿ ಹೆಸರಾದವಳು. ಇಂಥ ಊರಿನಲ್ಲಿ ಕಿರಾಣಿ ಅಂಗಡಿಯ ಕಾಳನ್ನು ಮಣ್ಣಿಗೆ ಹಾಕಿ ಮೊಳಕೆಗೆ ಕಾಯುವವಳನ್ನು ಜನ ಹೇಗೆ ನೋಡಿಯಾರು, ನೀವೇ ಹೇಳಿ.

ಅತ್ತೆಯಂತೂ ನನ್ನ ಬಾಯಲ್ಲಿ ಬೀಜದ ಮಾತು ಬಂದ ಮೊದಲ ದಿನವೇ ಹೇಳಿದರು. ಅವರ ಹೆಸರು ನೀಲವ್ವ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

"ನೋಡ ಗಿರಿಜಾ, ಬೀಜ ಬ್ಯಾರೆ, ಕಾಳು ಬ್ಯಾರೆ. ಬಿತ್ತೋದು ಬೀಜ, ಬೇಯಿಸೋದು ಕಾಳು. ಅಡಗಿಮನಿ ಕಾಳು ಅಡಗಿಮನಿಯಾಗ ಇರಬೇಕು."

ನಾನು ಹೂಂ ಎಂದೆ. ಆದರೆ ಮಾಳಿಗೆಯ ಮೇಲೆ ಅಷ್ಟರಲ್ಲೇ ಒಂದು ಘಟನೆ ನಡೆದುಹೋಗಿತ್ತು. ಬಿಸಿಲಿಗೆ ಹಾಕಿದ್ದ ಮೆಂತೆಯಲ್ಲಿ ಒಂದಿಷ್ಟು ಕಾಳು ಜಾರಿ, ಮೂಲೆಯಲ್ಲಿದ್ದ ಒಡಕು ಬಕೀಟಿನ ಹಸಿ ಮಣ್ಣಿಗೆ ಬಿದ್ದಿದ್ದವು. ಮೂರನೆಯ ದಿನ ಬಟ್ಟೆ ಒಣಹಾಕಲು ಹೋದವಳು ನೋಡುತ್ತೇನೆ, ಬಕೀಟಿನ ತುಂಬ ಹಸಿರು! ನಾನು ಕೂಗಿದ ಕೂಗಿಗೆ ನಮ್ಮವರು ಹಾವು ಬಂತೆಂದುಕೊಂಡು ತಲೆಗೆ ಹಚ್ಚಿದ ಸೋಪು ಹಾಗೇ ಇರುವಾಗ ಮೆಟ್ಟಿಲು ಹತ್ತಿ ಬಂದರು.

"ಎಲ್ಲೈತಿ?"

"ಇಲ್ಲಿ ನೋಡ್ರಿ, ಮೆಂತೆ!"

"ಮೆಂತೆ? ಇದಕ್ಕ ನನ್ನ ಕರದಿ?" ಎಂದು ಉರಿಯುವ ಕಣ್ಣು ಉಜ್ಜಿಕೊಳ್ಳುತ್ತ ಇಳಿದುಹೋದರು. ಆ ಬಕೀಟಿನ ಮೆಂತೆ ಪಲ್ಯವನ್ನು ಎರಡು ವಾರಕ್ಕೆ ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದವರೂ ಅವರೇ.

ಅಲ್ಲಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎಣ್ಣೆಯ ಡಬ್ಬ, ಬಣ್ಣದ ಡಬ್ಬ, ತೂತುಬಿದ್ದ ಕೊಡ, ಒಂದು ಕಿವಿ ಹೋದ ಬಾಣಲೆ, ಎಲ್ಲವೂ ಮಾಳಿಗೆ ಸೇರಿದವು. ಮೇಡ್ಲೇರಿಯಲ್ಲಿರುವ ಅತ್ತೆಯ ತಮ್ಮ, ನಾವು ಮಾವ ಎನ್ನುವವರು, ನನ್ನ ಕಾಟ ತಾಳಲಾರದೆ ಹೊಳೆದಂಡೆಯ ಮಣ್ಣನ್ನು ಗೊಬ್ಬರದ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದರು. "ಚೀಲದಾಗ ಏನೈತ್ರಿ ಯಜಮಾನ್ರ?" ಎಂದು ಕಂಡಕ್ಟರ್ ಕೇಳಿದನಂತೆ. ಮಣ್ಣು ಎಂದದ್ದಕ್ಕೆ ರಾಣೆಬೆನ್ನೂರಿನಲ್ಲಿ ಮಣ್ಣು ತೀರಿತೇ ಎಂದು ಬಸ್ಸಿಗೆ ಬಸ್ಸೇ ನಕ್ಕಿತಂತೆ. ಮಾವ ಅದನ್ನು ಹೇಳಿ ಇನ್ನೊಮ್ಮೆ ತರುವುದಿಲ್ಲ ಎಂದು ಆಣೆ ಮಾಡಿದರು. ಮುಂದಿನ ತಿಂಗಳು ಇನ್ನೊಂದು ಚೀಲ ತಂದರು.

ಮೆಂತೆ ಆಯಿತು, ಸಾಸಿವೆ ಆಯಿತು. ಅಜವಾನ ಬಂತು, ಬಡೆಸೋಪು ಗರಿ ಬಿಚ್ಚಿತು. ಅವ್ವ ಕೊಟ್ಟು ಕಳಿಸಿದ್ದ ಒಣಮೆಣಸಿನಕಾಯಿಯನ್ನು ಅಲ್ಲಾಡಿಸಿ, ಉದುರಿದ ಬೀಜ ಹಾಕಿದೆ. ಬ್ಯಾಡಗಿಯ ಗಟಾರದ ದಂಡೆಯೇ ನಮ್ಮ ಮಾಳಿಗೆಗೆ ಬಂದಂತಾಯಿತು. ಜೀರಿಗೆ ಮಾತ್ರ ಇವತ್ತಿನವರೆಗೂ ನನಗೆ ಒಲಿದಿಲ್ಲ. ಅದರ ಸುದ್ದಿ ಬೇಡ.

ಹವೀಜದ ಕಥೆ ಹೇಳಲೇಬೇಕು. ಹವೀಜ ಎಂದರೆ ನಮ್ಮ ಕಡೆ ಕೊತ್ತಂಬರಿ ಕಾಳು. ಅದನ್ನು ಇಡಿಯಾಗಿ ಹಾಕಬಾರದು, ಎರಡು ಹೋಳು ಮಾಡಿ ಹಾಕಬೇಕು, ಚಪ್ಪಲಿಯಲ್ಲಿ ತಿಕ್ಕಿದರೆ ಸರಿಯಾಗಿ ಒಡೆಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದರು. ನಾನು ಮಾಳಿಗೆಯ ನೆಲದಲ್ಲಿ ಕಾಳು ಹರವಿ ಚಪ್ಪಲಿ ಮೆಟ್ಟಿ ಉಜ್ಜುತ್ತಿರುವಾಗ ಅತ್ತೆ ಹತ್ತಿ ಬಂದರು.

"ಏನ್ ಮಾಡಾಕತ್ತೀ? ತಿನ್ನೋ ವಸ್ತುನ ಚಪ್ಪಲಿಲೆ ತುಳೀತೀಯೇನ? ತಗಿ ಕಾಲು!"

ನಾನು ಕಾಲು ತೆಗೆದೆ. ಇನ್ನು ನನ್ನ ತೋಟದ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಇಳಿದು ಹೋಗಿ ಲಟ್ಟಣಿಗೆ ಹಿಡಿದು ಬಂದರು. ಕುಳಿತು, ಕಾಳಿನ ಮೇಲೆ ಅದನ್ನು ಹಗುರಾಗಿ ಒಮ್ಮೆ ಉರುಳಿಸಿದರು. ಟಪ್ ಟಪ್ ಎಂದು ಪ್ರತಿ ಕಾಳೂ ಸರಿಯಾಗಿ ಎರಡಾಯಿತು, ಒಂದೂ ಪುಡಿಯಾಗಲಿಲ್ಲ. ಅವರು ಕಾಳಿನ ಕಡೆಗೆ ನೋಡಿಯೂ ಇರಲಿಲ್ಲ. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಕೆಲಸವೆಲ್ಲ ಕೈ ಬೆರಳಿನ ಲೆಕ್ಕದಲ್ಲೇ ನಡೆಯುತ್ತಿತ್ತು.

ಕೈಲಾಗದೆ ಉಳಿದದ್ದು ಒಂದೇ, ಸೂಜಿಗೆ ದಾರ ಪೋಣಿಸುವುದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ನಮ್ಮ ಅತ್ತೆಯ ಕೈ ಮೀರಿಸಿದವರು ಓಣಿಯಲ್ಲಿ ಇರಲಿಲ್ಲ. ಹೀಗೆ ಅರ್ಧ ಹೊಲಿದ ಒಂದು ಕೌದಿ ಎರಡು ವರ್ಷದಿಂದ ಟ್ರಂಕಿನ ಮೇಲೆ ಮಡಚಿ ಕೂತಿತ್ತು. ದಾರ ಪೋಣಿಸಿ ಕೊಡುತ್ತೇನೆ ಎಂದರೆ, "ಪೋಣಿಸೋ ಕಣ್ಣಿಲ್ಲದಾಕಿ ಹೊಲದು ಏನ್ ಮಾಡೂದೈತಿ, ಬಿಡು" ಎನ್ನುತ್ತಿದ್ದರು. ಆಪರೇಶನ್ ಎಂದರೆ ಮಾತ್ರ ಮುಖ ತಿರುಗಿಸುತ್ತಿದ್ದರು. ಯಾರದೋ ಬೀಗರಿಗೆ ಆಪರೇಶನ್ ಆದಮೇಲೆ ಇದ್ದ ಬೆಳಕೂ ಹೋಯಿತೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಆ ವರ್ಷ ಪಂಚಮಿಗೆ ನಾನು ತವರಿಗೆ ಹೋಗಿ, ಉಂಡಿ ತಿಂದು, ಜೋಕಾಲಿ ಆಡಿ, ಎಂಟು ದಿನಕ್ಕೆ ತಿರುಗಿ ಬಂದೆ. ಬಂದವಳೇ ಡಬ್ಬಿಯಿಂದ ಹವೀಜ ತೆಗೆದು, ಲಟ್ಟಣಿಗೆ ಉರುಳಿಸಿ ಬಿತ್ತಿದೆ. ಹದಿನೈದು ದಿನ ಕಾದೆ. ಒಂದೂ ಹುಟ್ಟಲಿಲ್ಲ! ಅದಕ್ಕೆ ಮೊದಲು ಅಂಗಡಿಯಿಂದ ತಂದ ಪೊಟ್ಟಣವನ್ನು ನೇರ ಮಾಳಿಗೆಗೆ ಒಯ್ದು ಬಿಚ್ಚಿ ಹಾಕುತ್ತಿದ್ದೆ, ಹುಟ್ಟುತ್ತಿತ್ತು. ಈಗ ಏನಾಯಿತು? ನನಗೆ ಸಿಟ್ಟು ನೆತ್ತಿಗೇರಿತು. ನೇರವಾಗಿ ದಸ್ತಗೀರ ಚಾಚಾನ ಕಿರಾಣಿ ಅಂಗಡಿಗೆ ಹೋದೆ. ನಮ್ಮ ಓಣಿಗೆಲ್ಲ ಅವರೇ ಕಿರಾಣಿ. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ತಕ್ಕಡಿಯ ಮುಂದೆ ಕೂತರೆ ನಮಾಜಿನ ಹೊತ್ತಿಗೆ ಮಾತ್ರ ಏಳುವ ಮನುಷ್ಯ.

"ಚಾಚಾ, ನಿಮ್ಮ ಹವೀಜ ಸತ್ತೈತಿ ನೋಡ್ರಿ," ಎಂದೆ ಎಲ್ಲರೆದುರು.

ಚಾಚಾ ತೂಗುವುದನ್ನು ನಿಲ್ಲಿಸಿದರು. "ಏನಂದಿ?"

"ಹದಿನೈದು ದಿನ ಆತು. ಒಂದ ಕಾಳ ಎದ್ದಿಲ್ಲ."

"ನೋಡ ಬೇಟಿ, ಹಳ್ಳು ಅದಾವು ಅನ್ನು, ಕಸ ಐತಿ ಅನ್ನು, ಕೇಳತೇನಿ. ಸತ್ತೈತಿ ಅಂತ ಮಾತ್ರ ಅನಬ್ಯಾಡ. ನನ್ನ ಮಾಲು ಜೀವಂತ ಐತಿ."

ಹೇಳಿ ಬಿಡಲಿಲ್ಲ. ಒಂದು ತಾಟಿನಲ್ಲಿ ಒದ್ದೆ ಗೋಣಿತಟ್ಟಿನ ತುಂಡು ಹಾಸಿ, ಅದೇ ಚೀಲದ ಕಾಳು ಒಡೆದು ಹರವಿ, ತಕ್ಕಡಿಯ ಪಕ್ಕದಲ್ಲೇ ಇಟ್ಟರು. ಬಂದ ಗಿರಾಕಿಗಳಿಗೆಲ್ಲ ಅದರ ಕಥೆ ಹೇಳಿದರು. ನಾನು ಓಣಿಯಲ್ಲಿ ಹಾದುಹೋದರೆ ಸಾಕು, "ಹವೀಜದ ಕೇಸು ಏನಾತ್ರಿ?" ಎಂದು ಕೇಳುವ ಮಟ್ಟಕ್ಕೆ ಬಂತು. ಹತ್ತು ಹನ್ನೆರಡು ದಿನಕ್ಕೆ ಚಾಚಾ ಹೇಳಿ ಕಳಿಸಿದರು. ಹೋಗಿ ನೋಡಿದರೆ ಗೋಣಿತಟ್ಟಿನ ತುಂಬ ಬಿಳಿ ಕಾಲುಗಳು, ಹಸಿರು ತಲೆಗಳು! ಸೋತ ನಾಚಿಕೆ ಒಂದು ಕಡೆಗಿರಲಿ, ನನಗೆ ಎಂಥ ಖುಷಿ ಎನ್ನುತ್ತೀರಿ. ಅಂಗಡಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ.

"ತಗೊಂಡು ಹೋಗಿ ನೆಡು," ಎಂದರು ಚಾಚಾ, ನಗುತ್ತ. "ತಪ್ಪು ಎಲ್ಲೋ ನಿನ್ನ ಮನಿಯಾಗ ಐತಿ. ನನ್ನ ಕಾಳಿನ್ಯಾಗ ಇಲ್ಲ."

ಎರಡು ದಿನ ನನ್ನ ಕೈಗಳನ್ನೇ ನೋಡಿಕೊಂಡು ಕೂತೆ. ನನ್ನ ಕೈಗುಣವೇ ಹೋಯಿತೇನೋ ಎಂದು ಅನುಮಾನ. ಆಮೇಲೆ ಮರೆತೂಬಿಟ್ಟೆ. ನನ್ನ ಅನುಮಾನಗಳ ಆಯುಷ್ಯ ಎಂದೂ ಎರಡು ದಿನಕ್ಕಿಂತ ಹೆಚ್ಚಿಲ್ಲ.

ಮಹಾನವಮಿ ಹತ್ತಿರ ಬರುವ ಹೊತ್ತಿಗೆ ನಮ್ಮವರು ಹೇಗೋ ಮಾಡಿ ಅತ್ತೆಯನ್ನು ಒಪ್ಪಿಸಿ, ಹಾವೇರಿಗೆ ಕರೆದೊಯ್ದು ಒಂದು ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಬಂದರು. ಹಣೆಯಿಂದ ಇಳಿಬಿಟ್ಟ ಹಸಿರು ಬಟ್ಟೆ, ಅದರ ಒಳಗೆ ಕರಿ ಕನ್ನಡಕ. ಬಗ್ಗಬಾರದು, ಒಲೆಯ ಮುಂದೆ ಕೂರಬಾರದು, ಹತ್ತು ದಿನ ಬಟ್ಟೆ ತೆಗೆಯಬಾರದು. ಬೆರಳು ಮಡಚಿ ನೋಡಿದರೆ ಆ ಹತ್ತನೆಯ ದಿನ ಸರಿಯಾಗಿ ವಿಜಯದಶಮಿ. ಘಟ್ಟ ಹಾಕುವವರು ಯಾರು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾಡ್ಯದ ದಿನ ದೇವರ ಮುಂದೆ ಪತ್ರಾವಳಿಯ ಮೇಲೆ ಮಣ್ಣು ಹರವಿ, ನಡುವೆ ಗಡಿಗೆ ಇಟ್ಟು, ಸುತ್ತ ಐದು ಬಗೆಯ ಕಾಳು ಬಿತ್ತಿ, ಒಂಬತ್ತು ದಿನ ನಂದಾದೀಪ ಕಾಯುವುದು ನಮ್ಮ ಮನೆಯ ಪದ್ಧತಿ. ದಶಮಿಯ ಹೊತ್ತಿಗೆ ಸಸಿ ಎತ್ತರವಾಗಿ, ಒತ್ತೊತ್ತಾಗಿ ಬಂದರೆ ವರ್ಷ ಒಳ್ಳೆಯದು. ಕಾಳು ಪ್ರತಿವರ್ಷ ಮೇಡ್ಲೇರಿಯ ಮಾವನ ಮನೆಯಿಂದ ಬರುತ್ತಿತ್ತು. ಆ ಸಲ ಅವರ ಮನೆಯಲ್ಲಿ ಸೂತಕ.

"ಅದಕ್ಯಾಕ ಚಿಂತಿ ಮಾಡ್ತೀರಿ ಅತ್ತಿ?" ಎಂದೆ ನಾನು, ಎದೆ ತಟ್ಟಿಕೊಳ್ಳುವುದೊಂದು ಬಾಕಿ. "ನಮ್ಮ ಡಬ್ಬಿ ಕಾಳಿನ್ಯಾಗ ನಾ ಮಾಡ್ತೇನಿ. ಇಡೀ ಮಾಳಗಿ ಬೆಳಸೇನಿ, ಒಂದು ಪತ್ರಾವಳಿ ಬೆಳಸಾಕ ಆಗೂದಿಲ್ಲೇನ್ರಿ?"

ಅತ್ತೆಯ ಬಾಯಿಂದ ಬೀಜ ಬೇರೆ ಕಾಳು ಬೇರೆ ಎಂಬ ಮಾತು ಬರುತ್ತದೆ ಎಂದು ಕಾದೆ. ಅದು ಬರಲಿಲ್ಲ.

"ಹಾಕು," ಎಂದರು. "ಆದ್ರ ಒಂದು ಮಾತು ಹೇಳತೇನಿ. ಈ ಸಲ ಘಟ್ಟ ಹೆಂಗ ಏಳತೈತೋ ಹಂಗ ನನ್ನ ಕಣ್ಣು ಅಂತ ದೇವಿ ಮುಂದ ಅಂದ್ಕೊಂಡೇನಿ. ಸಸಿ ಎದ್ರ ಕಣ್ಣು ಬಂತು. ಏಳಲಿಲ್ಲಂದ್ರ..." ಅಷ್ಟಕ್ಕೇ ನಿಲ್ಲಿಸಿ ಹಸಿರು ಬಟ್ಟೆ ಸರಿಮಾಡಿಕೊಂಡರು.

ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ! ಡಬ್ಬಿಗಳಿಂದ ಗೋಧಿ, ಜೋಳ, ಹೆಸರು, ಕಡಲೆ, ಮಡಕಿ ತೆಗೆದು ಕುಣಿಯುತ್ತಲೇ ಬಿತ್ತಿದೆ.

ಎರಡನೆಯ ದಿನ ಬೆಳಗ್ಗೆ ಅತ್ತೆ ಹಾಸಿಗೆಯಿಂದಲೇ ಕೇಳಿದರು: "ಕಾಳು ನೆನದಾವೇನ?"

"ನೆನದಾವ್ರೀ," ಎಂದೆ. ಅದು ನಿಜ.

ಮೂರನೆಯ ದಿನ: "ಮೊಳಕಿ ಒಡದಾವೇನ?"

ಒಂದೂ ಒಡೆದಿರಲಿಲ್ಲ. ಹೆಸರುಕಾಳು ಕೂಡ. ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೆಳಗಾಗುವುದರಲ್ಲಿ ಮೊಳಕೆ ಬರುವ ಕಾಳು! ಹಾಸಿಗೆಯ ಮೇಲೆ ಕತ್ತು ಚಾಚಿ ಕೂತವರ ಹಸಿರು ಬಟ್ಟೆಯನ್ನು ನೋಡಿದೆ. ಬಾಯಿ ತನ್ನಷ್ಟಕ್ಕೆ ಹೇಳಿತು: "ಒಡದಾವ್ರೀ."

"ಎಷ್ಟು ಬಂದಾವು?"

"ಉಗುರಿನಷ್ಟು."

ನಾಲ್ಕನೆಯ ದಿನ ಅರ್ಧ ಬೊಟ್ಟಿನಷ್ಟು ಎಂದೆ. ಸುಳ್ಳಿಗೆ ನೀರು ಬೇಡ, ಗೊಬ್ಬರ ಬೇಡ, ಎಷ್ಟು ಚೆನ್ನಾಗಿ ಬೆಳೆಯುತ್ತದೆ! ಪತ್ರಾವಳಿಯ ಮಣ್ಣು ಮಾತ್ರ ಹಾಗೇ ಬೋಳು. ಅತ್ತೆಯ ಕಣ್ಣಿಗೂ ಈ ಕಾಳಿಗೂ ಸಂಬಂಧವಿಲ್ಲ ಎಂದು ತಲೆಗೆ ಗೊತ್ತು. ಆದರೆ ದಶಮಿಯ ದಿನ ಅವರು ಬಟ್ಟೆ ತೆಗೆದು ಮೊದಲು ನೋಡುವುದು ಇದೇ ಬೋಳು ಮಣ್ಣು. ಅದನ್ನು ನೋಡಿದ ಮೇಲೆ ಆ ಕಣ್ಣನ್ನು ಅವರು ನಂಬುವುದಿಲ್ಲ, ಇನ್ನೊಂದು ಕಣ್ಣಿನ ಆಪರೇಶನ್ನಿಗಂತೂ ಸುತಾರಾಂ ಒಪ್ಪುವುದಿಲ್ಲ. ಇದು ನನಗೆ ಗೊತ್ತಿತ್ತು. ಎಲ್ಲ ನನ್ನ ಬಡಾಯಿಯಿಂದ ಆದದ್ದು ಎಂದು ಅಳು ಬಂತು.

ನಾಲ್ಕು ಗೋಧಿ ಕಾಳನ್ನು ಡಬ್ಬಿಯಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಿದೆ. ಓಡಿದ್ದು ಮತ್ತೆಲ್ಲಿಗೆ, ದಸ್ತಗೀರ ಚಾಚಾನ ಅಂಗಡಿಗೆ. ಜಗಳವಾಡಲು ಧೈರ್ಯ ಉಳಿದಿರಲಿಲ್ಲ. ಎಲ್ಲ ಹೇಳಿದೆ: ಘಟ್ಟ, ಅತ್ತೆಯ ಕಣ್ಣು, ಉಗುರಿನಷ್ಟು, ಅರ್ಧ ಬೊಟ್ಟಿನಷ್ಟು. ಚಾಚಾ ಒಂದು ಕಾಳನ್ನು ತೆಗೆದುಕೊಂಡು ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಕಟುಂ ಎಂದಿತು.

"ಬೇಟಿ, ಇದು ಹಂಚು ನೋಡಿ ಬಂದೈತಿ," ಎಂದರು. "ಹಸಿ ಕಾಳು ಹಿಂಗ ಒಡ್ಯೂದಿಲ್ಲ. ಹುರದಾರ ಇದನ್ನ."

ಆಗ ನೆನಪಾಯಿತು. ಪಂಚಮಿ ಮುಗಿಸಿ ಬಂದ ದಿನ ಮನೆಯೆಲ್ಲ ಹುರಿದ ಘಮ. "ಮಳಿಗಾಲ, ಬಿಸಲು ಬೀಳವಲ್ದು. ಡಬ್ಬಿ ಕಾಳು ಎಲ್ಲಾ ಹಂಚಿನ್ಯಾಗ ಬೆಚ್ಚಗ ಮಾಡಿ ಇಟ್ಟೇನಿ, ಹುಳಾ ಬರೂದಿಲ್ಲ" ಎಂದು ಅತ್ತೆ ಹೇಳಿದ್ದರು. ಪ್ರತಿ ಶ್ರಾವಣದಲ್ಲೂ ಮಾಡುವ ಕೆಲಸವೇ ಅದು. ಆ ಸಲ ಕಣ್ಣಿಗೆ ಕಾಳಿನ ಬಣ್ಣ ಕಾಣದೆ ಉರಿಯ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಬಿಟ್ಟಿದ್ದಾರೆ. ನಾನು ಬ್ಯಾಡಗಿಯ ಜೋಕಾಲಿಯ ಗುಂಗಿನಲ್ಲಿ ಹೂಂ ಎಂದು ತಲೆಯಾಡಿಸಿದ್ದೆ, ಕೇಳಿಸಿಕೊಂಡಿರಲಿಲ್ಲ.

"ತಪ್ಪಾತ್ರಿ ಚಾಚಾ. ನಿಮ್ಮ ಹವೀಜಕ್ಕ ಸುಮ್ಮನ ಹೆಸರು ಇಟ್ಟೆ."

"ಮಾಫಿ ಆಮ್ಯಾಲೆ ಕೇಳೀಯಂತ. ಮೊದಲ ಘಟ್ಟ. ಆದ್ರ ಗೋಧಿ, ಜೋಳ ಅಮಾಸಿ ದಿನಾನ ಮುಗದಾವು, ಎಲ್ಲಾರೂ ಘಟ್ಟಕ್ಕ ಒಯ್ದಾರ. ಹೆಸರು ಹಳೇ ಚೀಲದ್ದು, ನಾ ಖಾತ್ರಿ ಕೊಡೂದಿಲ್ಲ. ಮೆಂತೆ ಮೊನ್ನೆ ಬಂದೈತಿ. ಲಗೂ ಏಳೂದು ಅದ."

"ಘಟ್ಟಕ್ಕ ಮೆಂತೆ ನಡೀತೈತೇನ್ರಿ?"

ಚಾಚಾ ಗಡ್ಡ ನೀವಿಕೊಂಡರು. "ಅದನ್ನ ನನ್ನ ಕೇಳತೀಯೇನ ಬೇಟಿ? ನನಗ ಗೊತ್ತಿರೂದು ಇಷ್ಟ. ಇದು ಏಳತೈತಿ."

ಊರ ತುಂಬ ಬೀಜದ ಅಂಗಡಿಗಳಿದ್ದವು ನಿಜ. ಆದರೆ ಆ ಬೀಜಕ್ಕೆ ಬಣ್ಣದ ಔಷಧ ಸವರಿರುತ್ತಾರೆ. ದೇವಿಯ ಮುಂದೆ ವಿಷ ಇಡಲು ಮನಸ್ಸು ಒಪ್ಪಲಿಲ್ಲ. ಬೇರೆ ಅಂಗಡಿಯ ಕಾಳು ತಂದು ಪರೀಕ್ಷೆ ಮಾಡಲು ದಿನ ಉಳಿದಿರಲಿಲ್ಲ. ಮೊದಲ ಬಕೀಟಿನಿಂದ ಇಲ್ಲಿಯವರೆಗೆ ನನಗೆ ಒಮ್ಮೆಯೂ ಕೈಕೊಡದ ಕಾಳು ಮೆಂತೆ. ಎರಡು ಮುಷ್ಟಿ ತಂದು ಬೋಗುಣಿಯಲ್ಲಿ ನೆನೆಹಾಕಿದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ಬೆಳಗ್ಗೆ ಗಂಟು ಬಿಚ್ಚಿದರೆ ಪ್ರತಿ ಕಾಳಿಗೂ ಬಿಳಿ ಮೂಗು! ಕೂಗು ಬಾಯಿಯವರೆಗೆ ಬಂದಿತ್ತು, ಸೆರಗು ಒತ್ತಿ ಹಿಡಿದೆ. ಅತ್ತೆ ಏಳುವ ಮೊದಲು ಸತ್ತ ಕಾಳನ್ನೆಲ್ಲ ಬಳಿದು ತೆಗೆದು, ದೇವಿಗೆ ಕೈ ಮುಗಿದು ತಪ್ಪೊಪ್ಪಿಕೊಂಡು, ಮೆಂತೆ ಹರವಿ ಮೇಲೆ ಮೇಡ್ಲೇರಿಯ ಮಣ್ಣು ಉದುರಿಸಿದೆ.

ಆಮೇಲಿನ ಎರಡು ದಿನ ನಾನು ದೇವರ ಮುಂದೆ ಕೂತಷ್ಟು ಹೊತ್ತು ಯಾವ ಭಕ್ತೆಯೂ ಕೂತಿರಲಾರಳು. ಆರನೆಯ ದಿನ ಸಂಜೆ ಮಣ್ಣು ಬಿರಿಯಿತು. ಏಳನೆಯ ದಿನ ಬೆಳಗ್ಗೆ ಬಿಳಿ ಕೊರಳುಗಳು ಮೇಲೆದ್ದವು. ಸಂಕಟವೆಂದರೆ, ಅಷ್ಟರಲ್ಲಿ ನನ್ನ ಬಾಯಿಯ ಸಸಿ ಒಂದು ಬೊಟ್ಟು ದಾಟಿ ಗೇಣಿನ ಕಡೆಗೆ ನಡೆದಿತ್ತು. ಅಂದೇ ಅತ್ತೆ, "ನನ್ನ ಅಲ್ಲಿ ಕರ್ಕೊಂಡು ನಡಿ, ಮುಟ್ಟಿ ನೋಡತೇನಿ" ಎಂದರು.

ಕೈ ಹಿಡಿದು ಕರೆದೊಯ್ದೆ. ಬಗ್ಗಬಾರದೆಂದು ಪತ್ರಾವಳಿಯ ಮುಂದೆ ಮಣೆ ಹಾಕಿ ಕೂರಿಸಿದೆ. ಅವರ ಅಂಗೈ ಸಸಿಗಳ ಮೇಲೆ ಮೆಲ್ಲಗೆ ಸುಳಿಯಿತು.

"ಬೊಟ್ಟಿನಷ್ಟು ಅಂದಿದ್ದಿ?"

"ಹೂಂರೀ."

"ನಿನ್ನ ಬೊಟ್ಟು ಇಷ್ಟ ಸಣ್ಣ ಐತೇನ?"

ನಾನು ಬೊಟ್ಟು ಮಡಚಿಕೊಂಡೆ. ಅತ್ತೆ ಇನ್ನೊಮ್ಮೆ ಅಂಗೈ ಆಡಿಸಿ, "ಒತ್ತೊತ್ತಾಗಿ ಬಂದಾವು" ಎಂದು ಎದ್ದರು. ಅಂದು ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚಿಗೆ ತಿಂದರು.

ದಶಮಿಯ ಬೆಳಗ್ಗೆ ನಮ್ಮವರು ಹಸಿರು ಬಟ್ಟೆ ಬಿಚ್ಚಿದರು. ಅತ್ತೆ ಎಷ್ಟೋ ಹೊತ್ತು ಕಣ್ಣು ಮುಚ್ಚಿಯೇ ಕೂತಿದ್ದರು. ಆಮೇಲೆ ತೆರೆದರು. ಎದುರಿಗೆ ಘಟ್ಟ, ಗಡಿಗೆಯ ಸುತ್ತ ಬೊಟ್ಟುದ್ದದ ಸಸಿ, ಈ ಸಲ ನಿಜವಾದ ಬೊಟ್ಟು, ಪ್ರತಿಯೊಂದರ ತಲೆಯ ಮೇಲೂ ಎರಡೆರಡು ದುಂಡನೆಯ ಎಲೆ. ಗೋಧಿಯ ಗರಿಯ ಹಾಗೆ ಅದರಲ್ಲಿ ಏನೂ ಇರಲಿಲ್ಲ. ಕಣ್ಣಿದ್ದವರು ಯಾರೂ ಮೋಸಹೋಗುವಂತಿರಲಿಲ್ಲ.

"ಹಸರು ಕಾಣತೈತಿ," ಎಂದರು ಅತ್ತೆ. ನಮ್ಮವರು ಖುಷಿಯಿಂದ ಯಾರಿಗೋ ಫೋನ್ ಮಾಡಲು ಹೊರಗೆ ಹೋದರು. ನಾವಿಬ್ಬರೇ ಉಳಿದೆವು.

"ಅತ್ತಿ, ಅದು..." ಎಂದು ಬಾಯಿ ತೆರೆದೆ.

"ಮೆಂತೆ," ಎಂದರು ಅವರು. "ನೆನಿ ಹಾಕಿದ ದಿನಾನ ಗೊತ್ತಾತು. ಆಪರೇಶನ್ ಆಗಿದ್ದು ಕಣ್ಣಿಗೆ, ಮೂಗಿಗಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತ ಯಾಕ ಸುಮ್ಮನಿದ್ರಿ?"

ಅತ್ತೆ ಸಸಿಗಳನ್ನೇ ನೋಡುತ್ತಿದ್ದರು. ಎಷ್ಟು ವರ್ಷದ ಮೇಲೆ ಎಲೆಯ ಅಂಚು ಕಾಣುತ್ತಿತ್ತೋ.

"ಕಾಳು ಹಂಚಿಗೆ ಹಾಕಿದಾಕಿ ನಾನ," ಎಂದರು. "ಮೂರನೇ ದಿನ ನೀ ಉಗುರಿನಷ್ಟು ಅಂದಿ ನೋಡು, ನಿನ್ನ ದನಿ ಕೇಳಿ ಆಗ ನೆನಪಾತು. ನನ್ನ ಕಣ್ಣಿನ ಹರಕಿ ನನ್ನ ಕೈಯಾರೆ ಹುರದ ಇಟ್ಟಿದ್ದೆ. ಯಾರ ಮುಂದ ಹೇಳ್ಲಿ? ನೀ ದಿನಾ ಬಂದು ಉಗುರು, ಬೊಟ್ಟು ಅಂತಿದ್ದಿ. ಸುಳ್ಳು ಅಂತ ಗೊತ್ತಿದ್ರೂ ಬೆಳಗಾದ ಕೂಡಲೇ ಅದನ್ನ ಕೇಳೂದಕ್ಕ ಎದ್ದು ಕುಂದರತಿದ್ದೆ."

ಹೇಳಿ, ನಾಲ್ಕು ಮೆಂತೆ ಸಸಿ ಕಿತ್ತು ನನ್ನ ತುರುಬಿಗೆ ಸಿಕ್ಕಿಸಿದರು. ಕೈ ತಡಕಾಡಲಿಲ್ಲ, ನೋಡಿಯೇ ಸಿಕ್ಕಿಸಿದರು. ನಾನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಂತೋಷವಾದರೂ ಅಳುವುದೇ ನನ್ನ ಗುಣ, ಏನು ಮಾಡುವುದು.

ಸಂಜೆ ಬನ್ನಿ ಕೊಡಲು ಓಣಿಯೆಲ್ಲ ಬಂತು. ದಸ್ತಗೀರ ಚಾಚಾನೂ ಬಂದರು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಬನ್ನಿ ಎಲೆ ಕೈಗಿಟ್ಟ ಅತ್ತೆ, ಜೊತೆಗೆ ಒಂದು ಮೆಂತೆ ಸಸಿಯನ್ನೂ ಇಟ್ಟರು. ಚಾಚಾ ಅದನ್ನು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡು ನನ್ನ ಕಡೆಗೆ ನೋಡಿದರು. "ನನ್ನ ಮಾಲು," ಎಂದರು, ಅಷ್ಟೇ.

ದೀಪಾವಳಿ ಕಳೆದು ಒಂದು ವಾರಕ್ಕೆ ಅತ್ತೆ ಟ್ರಂಕಿನ ಮೇಲಿನ ಕೌದಿ ಇಳಿಸಿ ಸೂಜಿಗೆ ತಾವೇ ದಾರ ಪೋಣಿಸಿದರು. ಇನ್ನೊಂದು ಕಣ್ಣಿನ ಆಪರೇಶನ್ನಿಗೆ ಹಾವೇರಿಗೆ ಯಾವಾಗ ಹೋಗೋಣ ಎಂದು ಅವರೇ ಕೇಳಿದರು. ಶ್ರಾವಣದಲ್ಲಿ ಡಬ್ಬಿಯ ಕಾಳನ್ನು ಹಂಚಿಗೆ ಹಾಕುವುದು ನಿಲ್ಲಿಸಲಿಲ್ಲ. ಹಾಕುವ ಮೊದಲು ಪ್ರತಿಯೊಂದರಲ್ಲೂ ಒಂದು ಮುಷ್ಟಿ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿ, "ತಗೋ, ನಿನ್ನ ಬೀಜ" ಎಂದು ನನಗೆ ಕೊಡತೊಡಗಿದರು.

ಮುಂದಿನ ವರ್ಷದ ಪಾಡ್ಯಕ್ಕೆ ಮೇಡ್ಲೇರಿಯಿಂದ ಐದೂ ಕಾಳು ಬಂದವು. ನಾನು ಮಣ್ಣು ಹರವಿ ಬಿತ್ತಲು ಕೂತರೆ ಅತ್ತೆ ಹಿಂದಿನಿಂದ ಕೇಳಿದರು, "ಮೆಂತೆ ಎಲ್ಲಿ?" ಅಂದಿನಿಂದ ನಮ್ಮ ಮನೆಯ ಘಟ್ಟಕ್ಕೆ ಆರು ಕಾಳು. ಕೆಲವು ವರ್ಷದ ಮೇಲೆ ಬೀಗರ ಮನೆಯವರೊಬ್ಬರು ಹಬ್ಬಕ್ಕೆ ಬಂದವರು, ಘಟ್ಟದಲ್ಲಿ ಮೆಂತೆ ಕಂಡು ಇದ್ಯಾವ ಪದ್ಧತಿ ಎಂದು ಹುಬ್ಬೇರಿಸಿದರು. ಪಕ್ಕದಲ್ಲಿದ್ದ ಕುಪ್ಪೇಲೂರಿನ ನಾದಿನಿ ಗಂಭೀರವಾಗಿ ಹೇಳಿದಳು: "ನಮ್ಮ ಮನಿತನದಾಗ ಮೊದಲಿಂದಲೂ ಹಾಕ್ಕೋತ ಬಂದಾರ್ರಿ. ಹಿರೇರು ಏನೋ ವಿಚಾರ ಮಾಡೇ ಇಟ್ಟಿರತಾರ."

ಅತ್ತೆ ಕೌದಿ ಹೊಲಿಯುತ್ತ ಕೂತಿದ್ದರು. ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರೂ ಒಟ್ಟಿಗೆ ಹೌದು ಎಂದೆವು.